ಮೇಲಿನ ಬೀದಿಯ ನೀರು ನಿಲ್ಲಿಸಿದವರು ಯಾರು?

ವಾಲ್ವ್ ಮುಚ್ಚಿತ್ತು.

ನೀರುಗಂಟಿ ಮೊಣಕಾಲೂರಿ ಗುಂಡಿಯೊಳಗೆ ಬಗ್ಗಿ ಇನ್ನೊಮ್ಮೆ ನೋಡಿದ. ಬೆಳಿಗ್ಗೆ ತಾನೇ ಕೈಯಾರೆ ನೋಡಿ ಹೋಗಿದ್ದ ವಾಲ್ವ್. ಆಗ ಪೂರ್ತಿ ತೆರೆದಿತ್ತು. ಪೈಪು ಒಡೆದಿಲ್ಲ, ಕಸ ಕಟ್ಟಿಲ್ಲ, ಪಂಪು ನಿಂತಿಲ್ಲ. ಯಾರೋ ಮುಚ್ಚಳ ಎತ್ತಿ, ಕೀಲಿ ಇಳಿಸಿ, ತಿರುಗಿಸಿ, ಮುಚ್ಚಳವನ್ನು ಮತ್ತೆ ಒಪ್ಪವಾಗಿ ಕೂರಿಸಿ ಹೋಗಿದ್ದಾರೆ!

"ಹೋದ ಎರಡು ಸಲವೂ ಹೀಗೇನಾ?" ಬೆನ್ನ ಹಿಂದೆ ನಿಂತಿದ್ದ ಹೆಂಗಸು ಕೇಳಿದರು.

"ಗೊತ್ತಿಲ್ಲ ಮೇಡಂ. ಆಗೆಲ್ಲ ನಾನು ಕೆಳಗಿನ ಬೀದಿಯಿಂದ ಬರೋ ಹೊತ್ತಿಗೆ ನೀರು ತಾನಾಗೇ ಬಂದಿತ್ತು. ಪೈಪಲ್ಲಿ ಗಾಳಿ ಕಟ್ಟಿರಬೇಕು ಅಂದ್ಕೊಂಡು ಸುಮ್ಮನಾದೆ. ಈ ಸಲ ನೀವು ಬೇಗ ಬಂದ್ರಿ, ನನ್ನನ್ನೂ ಎಳ್ಕೊಂಡು ಬಂದ್ರಿ."

ಅವರು ನೀರು ಮಂಡಳಿಯ ಸೋರಿಕೆ ಪತ್ತೆ ವಿಭಾಗದ ಮುಖ್ಯಸ್ಥೆ. ಎದುರಿಗೆ ಎಲ್ಲರಿಗೂ ಮೇಡಂ, ಬೆನ್ನ ಹಿಂದೆ ಜರಡಿ ಮೇಡಂ. ಅವರ ಮುಂದೆ ಆಡಿದ ಮಾತು ಒಂದೂ ನೇರವಾಗಿ ಕೆಳಗೆ ಬೀಳುತ್ತಿರಲಿಲ್ಲ, ಜರಡಿಯಾಡಿಸಿಕೊಂಡೇ ಬೀಳಬೇಕು.

"ಈ ವಾಲ್ವ್ ತಿರುಗಿಸೋ ಕೀಲಿ ಎಷ್ಟಿವೆ?"

"ಎರಡು. ಒಂದು ಆಫೀಸಿನ ಬೀರುವಿನಲ್ಲಿ. ಇನ್ನೊಂದು—"

ನೀರುಗಂಟಿ ತನ್ನ ಕೈಯತ್ತ ನೋಡಿದ. ಎದೆಯೆತ್ತರದ ಕಬ್ಬಿಣದ ಸರಳು, ಮೇಲೆ ಅಡ್ಡ ಹಿಡಿ, ತುದಿಯಲ್ಲಿ ಚೌಕ ಬಾಯಿ. ಕಳ್ಳ ಯಾರು ಎಂದರೆ ನಾನೇ ಎಂದು ಕೈಯೆತ್ತಿ ನಿಂತ ಹಾಗಾಯಿತಲ್ಲ!

ವಿಷಯ ಸಣ್ಣದಲ್ಲ. ಒಂದು ಕಾಲಕ್ಕೆ ಕೆರೆಯಿಂದ ಹೊರಟ ನೀರಿನಲ್ಲಿ ಅರ್ಧ ಭಾಗ ದಾರಿಯಲ್ಲೇ ಸೋರಿ ಮಣ್ಣಾಗುತ್ತಿತ್ತು. ಉಳಿದರ್ಧಕ್ಕೆ ಊರೆಲ್ಲ ಹೊಡೆದಾಟ. ಮಂಡಳಿ ಹಳೇ ಪೈಪು ಕಿತ್ತು ಹೊಸದು ಹಾಕಿತು, ಮನೆಮನೆಗೂ ಮೀಟರ್ ಕೂರಿಸಿತು, ಗ್ರಾಹಕರನ್ನು ಸಭೆಗೆ ಕರೆದು ಎಂಜಿನಿಯರುಗಳ ಎದುರಿಗೇ ಕೂರಿಸಿ ಲೆಕ್ಕ ಒಪ್ಪಿಸಿತು. ಈಗ ಹಗಲಿರುಳೂ ನಲ್ಲಿಯಲ್ಲಿ ನೀರು. ಬತ್ತಿದ್ದ ಕೊಳವೆಬಾವಿಗಳಲ್ಲೂ ನೀರು ಮೇಲೇರಿದೆ. ನಲ್ಲಿ ಒಣಗಿದರೆ ಮಂಡಳಿಯೇ ಪುಕ್ಕಟೆ ಟ್ಯಾಂಕರ್ ಕಳಿಸುತ್ತದೆ ಎಂದು ಸಭೆಯಲ್ಲಿ ಕೊಟ್ಟ ಮಾತೂ ಇದೆ. ಇಂಥದ್ದರಲ್ಲಿ ಒಂದೇ ತಿಂಗಳಲ್ಲಿ ಮೇಲಿನ ಬೀದಿಗೆ ಮಾತ್ರ ಮೂರು ಸಲ ನೀರು ನಿಂತರೆ? ಸಂಜೆಯೊಳಗೆ ಕಾರಣ ಸಿಗದಿದ್ದರೆ ನೀರುಗಂಟಿ ನಾಳೆಯಿಂದ ಮನೆಯಲ್ಲೇ ಇರಲಿ ಎಂದು ಎಂಜಿನಿಯರ್ ಸಾಹೇಬರು ಹೇಳಿಯಾಗಿತ್ತು.

"ವಾಲ್ವ್ ತೆಗೀಲಾ ಮೇಡಂ?"

"ಸ್ವಲ್ಪ ತಾಳಿ. ಹಿಂದೆಲ್ಲ ನೀರು ಹೇಗೆ ಬಿಡ್ತಿದ್ರಿ?"

"ದಿನ ಬಿಟ್ಟು ದಿನ. ಒಂದು ತಾಸು."

"ಬೀದಿಯೆಲ್ಲ ನಿಮ್ಮ ದಾರಿ ಕಾಯ್ತಿತ್ತು."

"ಕಾಯ್ತಿತ್ತು ಮೇಡಂ! ನನ್ನ ಸೈಕಲ್ ಬೆಲ್ ಕೇಳಿದ್ರೆ ಸಾಕು, ಬಾಗಿಲು ಬಾಗಿಲಿಗೂ ಕೊಡ. 'ಬಂದ್ಯಾ ಪುಣ್ಯಾತ್ಮ' ಅನ್ನೋರು. ಈಗ ನಾನು ಸತ್ರೂ ನಲ್ಲಿ ಬರುತ್ತೆ."

"ಆ ದಿನ ಮತ್ತೆ ಬರಲಿ ಅಂತ ಅನಿಸಿದೆಯಾ?"

ಸುಳ್ಳು ಹೇಳಬಹುದಿತ್ತು. ಆದರೆ ಇವತ್ತು ಬೆಳಿಗ್ಗೆ ಕೂಡ ಆ ಬೆಲ್ಲನ್ನು ಸುಮ್ಮನೆ ಒಮ್ಮೆ ಬಾರಿಸಿ, ಒಂದು ಬಾಗಿಲೂ ತೆರೆಯದ್ದನ್ನು ಕಂಡು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಹೋಗಿದ್ದ.

"ಅನಿಸಿದೆ. ಹಾಗಂತ ಹಸಿವಾಯ್ತು ಅಂತ ಸ್ವಂತ ಕೈ ಕಚ್ಚಿಕೊಳ್ಳೋರು ಉಂಟಾ ಮೇಡಂ?"

ಜರಡಿ ಮೇಡಂ ನಗಲಿಲ್ಲ. ಬೀದಿಯ ಕಡೆ ತಿರುಗಿದರು.

ಟ್ಯಾಂಕರ್ ಆಗಲೇ ಬಂದಿತ್ತು. ಜನ ಮನೆಯಲ್ಲಿದ್ದದ್ದನ್ನೆಲ್ಲ ಹೊತ್ತು ತಂದಿದ್ದರು—ಡ್ರಮ್ಮು, ಬಕೆಟ್ಟು, ಹಂಡೆ. ಒಬ್ಬ ಮಹಾನುಭಾವ ಮಗುವಿನ ಸ್ನಾನದ ತೊಟ್ಟಿಯನ್ನೇ ತಂದಿದ್ದ. ಡ್ರೈವರ್ ಪೈಪು ಹಿಡಿದು ನಿಂತಿದ್ದ. ತಲೆ ಎತ್ತುತ್ತಿರಲಿಲ್ಲ. ಪಾತ್ರೆ ತುಂಬಿದರೆ ಒಂದೇ ಮಾತು: "ಮುಂದೆ."

ಸಾಲಿನಲ್ಲಿ ಟೈಲರಕ್ಕನೂ ಇದ್ದಳು, ಕೈಯಲ್ಲಿ ಒಂದು ತಂಬಿಗೆ. ತುಂಬಿಸಿಕೊಂಡು ಒಳಗೆ ಹೋದಳು, ಬಂದಳು, ಮತ್ತೆ ಸಾಲಿನ ಕೊನೆಗೆ ನಿಂತಳು.

"ಏನ್ ಟೈಲರಕ್ಕ, ತಂಬಿಗೇಲಿ ಕೆರೆ ಖಾಲಿ ಮಾಡ್ತೀಯಾ?" ಯಾರೋ ಕೆಣಕಿದರು.

"ಭುಜ ನೋವು ಕಣ್ರೀ. ದೊಡ್ಡದು ಎತ್ತಕ್ಕಾಗಲ್ಲ."

ಎಲ್ಲರೂ ನಕ್ಕರು. ನೀರುಗಂಟಿಯೂ ನಕ್ಕ.

ಸಾಲು ಕರಗಿದ ಮೇಲೆ ಮೇಡಂ ಡ್ರೈವರನ ಹತ್ತಿರ ಹೋದರು.

"ತಿಂಗಳ ಕೊನೆಗೆ ಈ ಟ್ಯಾಂಕರ್ ನಿಲ್ಲುತ್ತಂತೆ?"

"ನಿಲ್ಲುತ್ತೆ. ನನ್ನನ್ನ ಕೆರೆ ಕಾವಲಿಗೆ ಹಾಕಿದ್ದಾರೆ."

"ದೂರಾನಾ?"

"ಬಸ್ಸೂ ಹೋಗಲ್ಲ ಅಲ್ಲಿಗೆ."

"ಈ ಬೀದಿಗೆ ಟ್ಯಾಂಕರ್ ಬೇಕೇ ಬೇಕು ಅಂತಾದ್ರೆ ನೀವು ಹೋಗಬೇಕಾಗಿಲ್ಲ. ಅಲ್ವಾ?"

ಡ್ರೈವರನ ಮುಖ ಕೆಂಪಾಯಿತು. "ನಮ್ಮಪ್ಪ ಇದೇ ಬೀದಿಗೆ ನೀರು ಬಿಟ್ಟೋನು ಮೇಡಂ. ನೀರು ನಿಲ್ಲಿಸಿ ಅನ್ನ ತಿನ್ನೋ ಬುದ್ಧಿ ನಮಗೆ ಕಲಿಸ್ಲಿಲ್ಲ."

"ನಮಗೆ ಅಂದ್ರೆ?"

ಅವನು ಟೈಲರಕ್ಕನ ಬಾಗಿಲ ಕಡೆ ನೋಡಿದ. ಪೈಪು ಸುತ್ತತೊಡಗಿದ.

ಉಳಿದದ್ದನ್ನು ನೀರುಗಂಟಿ ಹೇಳಬೇಕಾಯಿತು. ಅವರಿಬ್ಬರೂ ಅಕ್ಕ ತಮ್ಮ. ಅವರಪ್ಪನೇ ನೀರುಗಂಟಿಗೆ ಕೆಲಸ ಕಲಿಸಿದ ಗುರು. ತಾಯಿಯಿಲ್ಲದ ತಮ್ಮನನ್ನು ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಮುಂದೆ ಗ್ರಾಹಕರ ಸಭೆಗೆ ಈ ಬೀದಿಯ ಪರವಾಗಿ ಅವಳೇ ಹೋಗತೊಡಗಿದಳು. ಟ್ಯಾಂಕರುಗಳನ್ನು ಕಡಿಮೆ ಮಾಡಿ ಆ ಖರ್ಚಿನಲ್ಲಿ ಹೊಸ ಪೈಪು ಹಾಕೋಣವೇ ಎಂದು ಮಂಡಳಿ ಕೇಳಿದಾಗ ಮೊದಲು ಕೈಯೆತ್ತಿದವಳು ಅವಳು. ಹಿಂದಿನ ಸಾಲಿನಲ್ಲಿ ಡ್ರೈವರುಗಳ ಜೊತೆ ತಮ್ಮ ಕೂತಿದ್ದ.

"ಹೊರಗೆ ಬಂದು ಎಲ್ಲರ ಮುಂದೆ ಅಂದುಬಿಟ್ಟ ಮೇಡಂ: 'ಇವತ್ತಿಂದ ನಿನಗೆ ತಮ್ಮ ಇಲ್ಲ.' ಅವತ್ತೇ ಮನೆ ಬಿಟ್ಟ. ಇವಳು ಅವನ ಕೋಣೆ ಹುಡುಕಿಕೊಂಡು ಹೋದ್ರೆ ಮುಖದ ಮೇಲೆ ಬಾಗಿಲು ಹಾಕಿದ."

"ಇವರೇನು ಮಾಡಿದ್ರು?"

"ಏನು ಮಾಡ್ತಾಳೆ? ಹೊಲೀತಾಳೆ. ಟ್ಯಾಂಕರ್ ಸದ್ದು ಕೇಳಿದ್ರೆ ಸೂಜಿ ನಿಲ್ಲುತ್ತೆ."

ಮೇಡಂ ಫೋನು ತೆಗೆದು ಟ್ಯಾಂಕರ್ ವಿಭಾಗದವರ ಜೊತೆ ಮೆಲ್ಲಗೆ ಮಾತಾಡಿದರು. ಆಮೇಲೆ ನೀರುಗಂಟಿಯನ್ನು ಕರೆದುಕೊಂಡು ಟೈಲರಕ್ಕನ ಮನೆಗೆ ನಡೆದರು.

ವಾಲ್ವಿನ ಗುಂಡಿಗೆ ಅಂಟಿಕೊಂಡ ಮನೆ. ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನೆಲದ ತುಂಬ ಕತ್ತರಿಸಿದ ಬಟ್ಟೆಯ ಚೂರು. ಹೊಲಿದ ಬಟ್ಟೆ ತೂಗುಹಾಕಲು ಸೂರಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಸರಳು. ಇವತ್ತು ಅದರ ಮೇಲೆ ಒಂದು ಉದ್ದನೆಯ ಪರದೆ ಬಿಟ್ಟರೆ ಬೇರೇನೂ ಇರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆಗಳೆಲ್ಲ ಕುರ್ಚಿಯ ಮೇಲೆ ರಾಶಿ ಬಿದ್ದಿದ್ದವು.

"ಅಯ್ಯೋ, ಕೂತ್ಕೊಳ್ಳಕ್ಕೂ ಜಾಗ ಇಲ್ಲ," ಎಂದು ಟೈಲರಕ್ಕ ಹೊಲಿಗೆ ಯಂತ್ರವನ್ನು ಅನಾಮತ್ತಾಗಿ ಎತ್ತಿ ಬದಿಗಿಟ್ಟು ಬೆಂಚು ಎಳೆದಳು. "ಯಾರು ಅಂತ ಗೊತ್ತಾಯ್ತಾ ಮೇಡಂ?"

"ನಿಮ್ಮ ತಮ್ಮ ಮೂರು ಸಲ ಬಂದ್ರಲ್ಲ. ಏನಾದ್ರೂ ಮಾತಾಡಿದ್ರಾ?"

"ಇಲ್ಲ."

"ಏನೂ?"

"'ಮುಂದೆ' ಅಂತಾನೆ. ಎಲ್ಲರಿಗೂ ಅಂದ ಹಾಗೆ." ಅವಳು ಕತ್ತರಿ ಎತ್ತಿಕೊಂಡಳು, ಮತ್ತೆ ಇಟ್ಟಳು.

"ಇವರ ಕೆಲಸ ಸಂಜೆಗೆ ಹೋಗುತ್ತೆ," ಮೇಡಂ ನೀರುಗಂಟಿಯತ್ತ ಕೈ ತೋರಿಸಿದರು.

"ಮಾಮಂದಾ? ಯಾಕೆ?"

"ಕೀಲಿ ಇರೋದು ಇವರ ಹತ್ರ ತಾನೆ? ಬೇರೆ ಯಾರು ಮುಚ್ಚಕ್ಕಾಗುತ್ತೆ?"

ಟೈಲರಕ್ಕನ ಮುಖ ಬಿಳಿಚಿಕೊಂಡಿತು. ಮೇಡಂ ಬಾಗಿಲಿಗೆ ಹೋಗಿ ಡ್ರೈವರನನ್ನು ಕರೆದರು. ಅವನು ಬಂದ, ಆದರೆ ಹೊಸ್ತಿಲು ದಾಟಲಿಲ್ಲ. ಮೆಟ್ಟಿಲ ಮೇಲೆ ನಿಂತು ನೆಲ ನೋಡಿದ.

"ನೀರು ನಿಂತಾಗ ಜನ ಏನು ತರ್ತಾರೆ?" ಮೇಡಂ ಶುರು ಮಾಡಿದರು. "ಮನೇಲಿರೋ ದೊಡ್ಡ ಪಾತ್ರೆ ತರ್ತಾರೆ. ಟ್ಯಾಂಕರ್ ಮತ್ತೆ ಯಾವಾಗಲೋ ಏನೋ! ಆದ್ರೆ ಇವತ್ತು ಇಡೀ ಬೀದೀಲಿ ಒಬ್ಬರು ಮಾತ್ರ ಎಲ್ಲಕ್ಕಿಂತ ಚಿಕ್ಕದನ್ನ ತಂದ್ರು. ನೀವೆಲ್ಲ ನೋಡಿದ್ರಿ, ನಕ್ಕು ಬಿಟ್ಟುಬಿಟ್ರಿ. ಭುಜ ನೋವು ಅಂದ್ರು. ಭುಜ ನೋವಿರೋರು ಈಗ ತಾನೆ ಈ ಯಂತ್ರಾನ ಹೂವಿನ ಹಾಗೆ ಎತ್ತಿಟ್ರು. ಹಾಗಾದ್ರೆ ತಂಬಿಗೆ ಯಾಕೆ? ದೊಡ್ಡ ಕೊಡ ತಂದ್ರೆ ಒಂದೇ ಸಲ ಹೋಗಬೇಕು. ತಂಬಿಗೆ ತಂದ್ರೆ—"

ಅವರು ನಿಲ್ಲಿಸಿದರು. ಡ್ರೈವರನತ್ತ ನೋಡಿದರು.

"ನೀರಿಗಾಗಿ ಸಾಲಲ್ಲಿ ನಿಂತವರಲ್ಲ ಇವರು. ಸಾಲಿಗಾಗಿ ನೀರು ನಿಲ್ಲಿಸಿದವರು."

"ಕೀಲಿ?" ನೀರುಗಂಟಿ ತನ್ನ ಕೈಯಲ್ಲಿದ್ದದ್ದನ್ನು ಎತ್ತಿ ಹಿಡಿದ. "ಕೀಲಿ ಎಲ್ಲಿತ್ತು ಮೇಡಂ?"

"ತೂಗುಹಾಕಬೇಕಾದ ಬಟ್ಟೆ ಕುರ್ಚಿ ಮೇಲೆ ಯಾಕಿದೆ? ಸರಳನ್ನ ಯಾರೋ ಕೆಳಗಿಳಿಸಿದ್ರು. ವಾಪಸ್ ಕಟ್ಟೋಷ್ಟರಲ್ಲಿ ಟ್ಯಾಂಕರ್ ಬಂತು, ಮತ್ತೆ ಬಟ್ಟೆ ಹಾಕೋಕೆ ಪುರಸೊತ್ತಾಗ್ಲಿಲ್ಲ." ಮೇಡಂ ಎದ್ದು ಪರದೆಯನ್ನು ಸರಿಸಿದರು.

ಒಂದು ತುದಿಯಲ್ಲಿ ಅಡ್ಡ ಹಿಡಿ. ಇನ್ನೊಂದು ತುದಿಯಲ್ಲಿ ಚೌಕ ಬಾಯಿ, ಅದರೊಳಗೆ ಒಣಗದ ಮಣ್ಣು.

ನೀರುಗಂಟಿ ಈ ಕೋಣೆಗೆ ಬಾರದ ವಾರವಿಲ್ಲ. ಯಾವಾಗಲೂ ಬಟ್ಟೆ ಮುಚ್ಚಿದ್ದ ಸರಳನ್ನು ಅವನು ಎಂದೂ ನೋಡಿರಲಿಲ್ಲ. ಈಗ ನೋಡಿದ. ಗುರುಗಳ ಅಂಗೈ ಸವೆಸಿದ ಹಿಡಿ ಅದು. ಆಫೀಸಿಗೆ ಹಿಂದಿರುಗಿ ಗುಜರಿಗೆ ಹೋಯಿತೆಂದೇ ತಿಳಿದಿದ್ದ. ತನ್ನ ಕೆಲಸ ಉಳಿಯಿತು ಎಂಬ ಸಂತೋಷ ಅವನಿಗೆ ಆಗಲೇ ಇಲ್ಲ. ಗುರುಗಳು ಒಮ್ಮೆ ಬಾಗಿಲಲ್ಲಿ ನಿಂತು ತನ್ನನ್ನು ಗದರಿಸಬಾರದೇ ಎಂದು ಆಸೆಯಾಯಿತು.

"ಹೌದು ಮೇಡಂ," ಟೈಲರಕ್ಕ ಅಂದಳು. "ನಾನೇ. ಹೋದ ಎರಡು ಸಲ ಟ್ಯಾಂಕರ್ ಹೋದ ಮೇಲೆ ವಾಲ್ವ್ ತೆರೆದಿದ್ದೂ ನಾನೇ. ಅವನು ಕೆರೆ ಹತ್ರ ಹೋಗ್ತಾನೆ ಅಂತ ಗೊತ್ತಾದ ಮೇಲೆ ನನ್ನ ಮನಸ್ಸು ತಡೀಲಿಲ್ಲ. ಈ ಬೀದಿಗೆ ನಲ್ಲಿ ತರಿಸಿದ್ದೂ ನಾನೇ. ಅದು ತಪ್ಪು ಅಂತ ಈಗಲೂ ಅನ್ನಲ್ಲ. ಆದ್ರೆ ನಲ್ಲಿ ಬಂತು, ಅವನು ಬರೋದು ನಿಂತೋಯ್ತು. ಟ್ಯಾಂಕರ್ ಬಂದ್ರೆ ನನ್ನ ಪಾತ್ರೆಗೂ ನೀರು ಹಿಡೀಲೇಬೇಕಲ್ಲ ಅವನು? ಅಷ್ಟು ಹೊತ್ತು ಕೈ ನೋಡ್ತೀನಿ. ಬೆರಳಿಗೆ ಗಾಯ ಆಗಿದೆಯಾ, ಶರ್ಟಿನ ಗುಂಡಿ ಇದೆಯಾ... ಆಮೇಲೆ 'ಮುಂದೆ' ಅಂತಾನೆ. ಅದನ್ನ ಕೇಳೋಕೆ ಮತ್ತೆ ಹೋಗಿ ನಿಲ್ತೀನಿ." ನೀರುಗಂಟಿಯ ಕಡೆ ತಿರುಗಿದಳು. "ನಿಮ್ಮ ತಲೆಗೆ ಬರುತ್ತೆ ಅಂತ ಯೋಚನೇನೇ ಮಾಡ್ಲಿಲ್ಲ ಮಾಮ. ಸಾಹೇಬರ ಹತ್ರ ಈಗಲೇ ಬಂದು ಹೇಳ್ತೀನಿ."

ಹೊಸ್ತಿಲಾಚೆ ಡ್ರೈವರ್ ತನ್ನ ಶರ್ಟಿನ ಗುಂಡಿ ಮುಟ್ಟಿ ನೋಡಿಕೊಂಡ.

"ಇನ್ನೊಂದು ಮಾತಿದೆ," ಮೇಡಂ ಅಂದರು. "ಆಫೀಸಿಗೆ ಕೇಳಿದೆ. ಮೇಲಿನ ಬೀದಿ ಇನ್ನೊಬ್ಬ ಡ್ರೈವರನ ಪಾಲಿನದು. ಮೂರು ಸಲವೂ 'ನಾನು ಹೋಗ್ತೀನಿ' ಅಂತ ಅವನ ಕಾಲು ಹಿಡಿದು ಬದಲಾಯಿಸಿಕೊಂಡು ಬಂದೋರು ಯಾರು ಅಂತ ಇವರನ್ನೇ ಕೇಳಿ."

ಟೈಲರಕ್ಕ ತಲೆಯೆತ್ತಿದಳು. ತಮ್ಮ ತಲೆ ಎತ್ತಲಿಲ್ಲ. ಕಿವಿಯವರೆಗೂ ಕೆಂಪಾಗಿದ್ದ.

"ಸಾಹೇಬರ ಹತ್ರ ನಾನು ಮಾತಾಡ್ತೀನಿ," ಮೇಡಂ ಮುಂದುವರಿಸಿದರು. "ಕೀಲಿ ನನ್ನ ಜೊತೆ ಬರುತ್ತೆ. ನೀವು ಮುಂದಿನ ಸಭೇಲಿ ಎದ್ದು ನಿಂತು ಇದನ್ನೆಲ್ಲ ಬೀದಿಯವರ ಮುಂದೆ ಹೇಳಬೇಕು. ಬೀದಿ ಪರವಾಗಿ ಅಲ್ಲಿ ಕೂರೋ ಜಾಗಾನೂ ಬಿಡಬೇಕು."

"ಹೇಳ್ತೀನಿ. ಬಿಡ್ತೀನಿ."

ಮೇಡಂ ಸರಳಿನ ಹಗ್ಗ ಬಿಚ್ಚತೊಡಗಿದರು. ನೀರುಗಂಟಿ ವಾಲ್ವ್ ತೆರೆಯಲು ಹೊರಟ.

"ಸಭೆ ಯಾವತ್ತು?" ಮೆಟ್ಟಿಲ ಮೇಲಿಂದ ಪ್ರಶ್ನೆ ಬಂತು. "ಒಬ್ಬಳೇ ನಿಲ್ಲೋದು ಬೇಡ. ನಾನೂ ಬರ್ತೀನಿ."

ಅಕ್ಕನ ತುಟಿ ಅದುರಿತು, ಮಾತು ಬರಲಿಲ್ಲ. ಅವಳ ಪಾಡು ನೋಡಲಾರದೆ ನೀರುಗಂಟಿಯೇ ಬಾಯಿ ಹಾಕಿದ. "ಕೊನೇ ಶನಿವಾರ ಕಣೋ, ಹತ್ತು—"

"ನಿಮ್ಮನ್ನ ಕೇಳ್ಲಿಲ್ಲ ಮಾಮ," ತಮ್ಮ ಹೊಸ್ತಿಲು ದಾಟಿ ಒಳಗೆ ಬಂದ. "ಅಕ್ಕ ಹೇಳ್ಲಿ."