ಬೀರುವಿನಲ್ಲಿದ್ದ ಮೂವತ್ತೊಂದು ಪುಸ್ತಕ

“ಆ ಬೀರುನಲ್ಲಿರೋ ಪುಸ್ತಕಾನ ಯಾರೂ ಓದಂಗಿಲ್ವಾ ಸಾ?”

ಮರಿತಾಯಿ ಕೇಳಿಯೇಬಿಟ್ಟಳು. ಹಾಜರಿ ಕೂಗುತ್ತಿದ್ದ ಮಾದಯ್ಯ ಮೇಷ್ಟ್ರು ತಲೆ ಎತ್ತಿದರು. ನಾಲ್ಕನೇ ಕ್ಲಾಸಿನ ಹದಿನಾಲ್ಕು ಮಕ್ಕಳೂ ಬೀರುವಿನ ಕಡೆ ತಿರುಗಿದರು.

ಮಳವಳ್ಳಿಗೆ ಮೂರು ಮೈಲಿ ದೂರದ ಆ ಹಳ್ಳಿಯಲ್ಲಿ ಸ್ಕೂಲು ಅಂದರೆ ಒಂದೇ ಕೋಣೆ. ಗೋಡೆಗೆ ಒರಗಿಸಿಟ್ಟ ಗಾಜಿನ ಬಾಗಿಲಿನ ಬೀರು. ಅದರೊಳಗೆ ಮೂವತ್ತೊಂದು ಪುಸ್ತಕ. ಬೆನ್ನು ಎಣಿಸಿ ಎಣಿಸಿ ಮಕ್ಕಳಿಗೆ ಲೆಕ್ಕ ಬಾಯಿಗೆ ಬಂದಿತ್ತು. ಒಳಗೆ ಏನಿದೆಯೋ ಯಾರಿಗೂ ಗೊತ್ತಿರಲಿಲ್ಲ.

“ಯುದ್ಧದ ಕಾಲ ಇದು. ಕಾಗದಾನೇ ಸಿಗ್ತಿಲ್ಲ. ಒಂದು ಪುಸ್ತಕ ಕಳೆದ್ರೆ ಇನ್ನೊಂದು ಬರೋದಿಲ್ಲ. ಜವಾಬು ಹೇಳೋನು ನಾನು” ಎಂದರು ಮೇಷ್ಟ್ರು.

“ಕಳೀದಂಗೆ ಓದುದ್ರೆ ಸಾ?”

“ಹೇಗೆ?”

ಮೇಷ್ಟ್ರು ಅವಳನ್ನೇ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಹಳೆಯ ಕಾಗದವೊಂದನ್ನು ತಿರುವಿ, ಖಾಲಿ ಇದ್ದ ಹಿಂಬದಿ ಕಾಣುವ ಹಾಗೆ ಅವಳ ಮುಂದೆ ಚಾಚಿದರು.

“ಹೇಗೆ ಅಂತ ಇದರಲ್ಲಿ ಬರೆದುಕೊಂಡು ಬಾ. ನಾಡಿದ್ದು ಗುರುವಾರ ಇನ್‌ಸ್ಪೆಕ್ಟರು ಬರ್ತಾರೆ. ಒಪ್ಪಿಗೆ ಕೊಡೋರು ಅವರು. ನೀನೇ ಎದ್ದು ನಿಂತು ಕೇಳು.”

ಬಿಸಿಲು ಇಳಿದ ಮೇಲೆ ಮರಿತಾಯಿ, ಹೊನ್ನಯ್ಯ ಇಬ್ಬರೂ ಸ್ಕೂಲಿನ ಜಗಲಿಯ ಮೇಲೆ ಕೂತರು. ಹೊನ್ನಯ್ಯನ ಅಕ್ಷರ ಗುಂಡಗಿತ್ತು. ಕ್ಲಾಸಿನಲ್ಲಿ ಎಲ್ಲರಿಗಿಂತ ಬಿರುಸಾಗಿ ಓದುತ್ತಿದ್ದವನೂ ಅವನೇ.

“ಬರ್ಕೊ. ಶನಿವಾರ ಸ್ಕೂಲು ಬುಟ್ಟ ಮೇಲೆ ಒಂದ್ ಗಂಟೆ ಓದೋದು. ಎಲ್ರೂ ಒಂದೊಂದ್ ಪುಟ, ಗಟ್ಟಿಯಾಗಿ” ಎಂದಳು ಮರಿತಾಯಿ.

“ಎಲ್ರೂ ಯಾಕಮ್ಮಿ? ಚೆನ್ನಾಗ್ ಓದೋರು ಓದ್ಲಿ. ಮಿಕ್ಕಿದೋರು ಕೇಳ್ಲಿ.”

“ಎಲ್ರೂ ಕಣ್ಲಾ! ಬರ್ಕೊ ಅಂದ್ರೆ ಬರ್ಕೊ.”

ಹೊನ್ನಯ್ಯ ಮುಖ ಊದಿಸಿಕೊಂಡೇ ಬರೆದ. ಕೈ ತೊಳೆದುಕೊಂಡು ಪುಸ್ತಕ ಮುಟ್ಟಬೇಕು. ಹಾಳೆಯ ಕಿವಿ ಮಡಿಸಬಾರದು. ಬೇಕಾದವರು ಹೆಸರು ಬರೆಸಿ ಮನೆಗೆ ಒಯ್ದು ಸೋಮವಾರ ತರಬೇಕು. ಒಲೆಯ ಹತ್ತಿರ ಇಡಬಾರದು. ದನದ ಕೊಟ್ಟಿಗೆಗೆ ಒಯ್ಯಬಾರದು. ಕಾಗದ ತುಂಬಿತು.

ಮರಿತಾಯಿ ಮನೆಗೆ ಬಂದಾಗ ಅವ್ವ ದೇವೀರಮ್ಮ ಆಗತಾನೇ ಮಳವಳ್ಳಿಯಿಂದ ಬಂದಿದ್ದಳು. ಕಡಲೆಪಪ್ಪು ಕಟ್ಟಿಸಿಕೊಂಡು ಬಂದಿದ್ದ ಪತ್ರಿಕೆಯ ಕಾಗದವನ್ನು ಬಿಚ್ಚಿ, ಮಡಿಕೆ ನೀವಿ, ಮಗಳಿಗೆ ಕೊಟ್ಟಳು. ಪಕ್ಕದ ಮನೆಯ ಅಂಕಮ್ಮ ಅಲ್ಲೇ ಕೂತಿದ್ದಳು.

“ಏನ್ ಬರ್ದವ್ರೆ, ಓದಮ್ಮಿ. ನಮ್ ಮರಿತಾಯಿ ನೀರ್ ಕುಡ್ದಂಗೆ ಓದ್ತಾಳೆ ಕಣಕ್ಕ” ಎಂದಳು ಅವ್ವ.

ಮರಿತಾಯಿ ಕಾಗದ ನೋಡಿದಳು. ಅಕ್ಷರ ಗೊತ್ತಿತ್ತು. ಆದರೆ ಒಂದಕ್ಕೊಂದು ಕೂಡಿಕೊಳ್ಳಲಿಲ್ಲ. ಮೊದಲನೇ ಪದ ಮುಗಿಸುವಷ್ಟರಲ್ಲಿ ಅದು ಎಲ್ಲಿಂದ ಶುರುವಾಗಿತ್ತೋ ಮರೆತೇಹೋಯಿತು. ಪಾಠದ ಪುಸ್ತಕದಲ್ಲಿ ಹೀಗೆ ಆಗುತ್ತಲೇ ಇರಲಿಲ್ಲ. ಯಾಕೆ?

ಆಗ ಅವಳಿಗೆ ಹೊಳೆಯಿತು. ಪಾಠದ ಪುಸ್ತಕವನ್ನು ಅವಳು ಓದುತ್ತಲೇ ಇರಲಿಲ್ಲ. ದಿನಾ ಎಲ್ಲರೂ ಕೂಡಿ ಕೂಗಿ ಕೂಗಿ ಅದು ಬಾಯಿಪಾಠವಾಗಿತ್ತು.

“ಓದಮ್ಮಿ, ಯಾಕ್ ಸುಮ್ನಾದೆ?”

“ಮೈಸೂರ್ನಲ್ಲಿ… ಜೋರು ಮಳೆ ಬಂತಂತೆ ಕಣವ್ವ.”

“ಅಯ್ಯೋ ಶಿವ್ನೆ! ನನ್ ತಂಗಿ ಅಲ್ಲೇ ಅವ್ಳಲ್ಲ! ಮನೆ ಗಿನೆ ಬಿದ್ದೋಯ್ತಂತಾ?” ಎಂದು ಅಂಕಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಇಲ್ಲ ಕಣಕ್ಕ. ಯಾರ್ಗೂ ಏನೂ ಆಗಿಲ್ವಂತೆ.”

ಅವ್ವ ಹೆಮ್ಮೆಯಿಂದ ನಕ್ಕಳು. ಮರಿತಾಯಿ ಕಾಗದವನ್ನು ಬೇಗ ಬೇಗ ಮಡಿಸಿಟ್ಟಳು.

ಮಾರನೆಯ ದಿನ ಅವಳು ಹೊನ್ನಯ್ಯನ ಹತ್ತಿರ ಹೋದಳು. “ನಾಳೆ ಇನ್‌ಸ್ಪೆಕ್ಟರ್ ಮುಂದೆ ನೀನೇ ಕೇಳ್ಲಾ” ಎಂದಳು.

“ಮೇಷ್ಟ್ರು ನಿನ್ಗೆ ಏಳವ್ರೆ. ನಾನ್ಯಾಕೆ ಕೇಳ್ಲಿ? ಎದ್ರುಕೊಂಡ್ಯಾ?”

“ಎದ್ರುಕೆ ಏನಿಲ್ಲ, ಓಗು!” ಎಂದು ಓಡಿಬಂದಳು.

ಗುರುವಾರ ಹತ್ತೂವರೆಗೆ ಸೈಕಲ್ಲಿನ ಬೆಲ್ಲು ಕೇಳಿಸಿತು. ಕರಿ ಕೋಟು, ಬಿಳಿ ರುಮಾಲು. ಇನ್‌ಸ್ಪೆಕ್ಟರು ನಗಲಿಲ್ಲ. ಹಾಜರಿ ಪುಸ್ತಕ ನೋಡಿದರು, ಲೆಕ್ಕ ಕೇಳಿದರು, ಒಂದಿಬ್ಬರ ಉಗುರು ನೋಡಿ ಹುಬ್ಬು ಗಂಟಿಕ್ಕಿದರು. ಮೇಷ್ಟ್ರ ಹಣೆಯಲ್ಲಿ ಬೆವರು ಮೂಡಿತ್ತು.

“ಸಾರ್, ಈ ಹುಡುಗಿ ಒಂದು ಮಾತು ಕೇಳಬೇಕಂತೆ” ಎಂದರು ಮೇಷ್ಟ್ರು.

ಮರಿತಾಯಿ ಕಾಗದ ಹಿಡಿದು ಎದ್ದಳು. ಅದರಲ್ಲಿದ್ದುದೆಲ್ಲ ಅವಳೇ ಹೇಳಿ ಬರೆಸಿದ್ದು. ಒಂದೇ ಉಸಿರಿಗೆ ಒಪ್ಪಿಸಿದಳು. ಇನ್‌ಸ್ಪೆಕ್ಟರು ಕೊನೆಯವರೆಗೂ ಕೇಳಿದರು.

“ಓದೋದಕ್ಕೆ ಬರುತ್ತೇನು ನಿನಗೆ? ಎಲ್ಲಿ, ನಿಮ್ಮ ಪಾಠದ ಪುಸ್ತಕ ತಾ. ಹನ್ನೆರಡನೇ ಪಾಠ.”

ಮರಿತಾಯಿ ಪುಸ್ತಕ ಬಿಡಿಸಿ ಶುರು ಮಾಡಿದಳು. “ಬೆಳಗಾಯಿತು. ರೈತನು ಎತ್ತುಗಳನ್ನು ಹೊಡೆದುಕೊಂಡು ಹೊಲದ ಕಡೆಗೆ ಹೊರಟನು. ದಾರಿಯಲ್ಲಿ ಒಂದು ಹಳ್ಳವಿತ್ತು…”

ಇನ್‌ಸ್ಪೆಕ್ಟರು ತಮ್ಮ ಅಂಗೈಯನ್ನು ಪುಟದ ಮೇಲೆ ಅಗಲವಾಗಿ ಇಟ್ಟರು.

“ಹಳ್ಳದಲ್ಲಿ ನೀರು ತುಂಬಿ ಹರಿಯುತ್ತಿತ್ತು. ಎತ್ತುಗಳು ಹಿಂಜರಿದವು…” ಮರಿತಾಯಿಯ ಮಾತು ತಾನಾಗಿ ಹರಿದೇ ಹರಿಯಿತು. ಆಮೇಲೆ ಅವಳಿಗೆ ಆ ಕೈ ಕಂಡಿತು. ಉಂಗುರವಿದ್ದ ಬೆರಳು ಕಂಡಿತು. ಬಾಯಿ ತಾನಾಗಿ ನಿಂತಿತು.

“ನನ್ನ ಕೈ ಮೇಲೆ ಬರೆದಿದೆಯೇನಮ್ಮ ಅದೆಲ್ಲ?”

ಮೇಷ್ಟ್ರ ಮುಖ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಗಿತ್ತು.

“ಬೀರು ತೆಗೆಯಿರಿ ಮೇಷ್ಟ್ರೇ.”

ಮೇಷ್ಟ್ರು ಬೀಗ ತೆಗೆದರು. ಇನ್‌ಸ್ಪೆಕ್ಟರು ಒಂದು ಪುಸ್ತಕ ಎಳೆದು, ನಡುವೆ ಬಿಡಿಸಿ ಅವಳ ಕೈಗಿಟ್ಟರು.

“ಸ… ಮು… ಸಮುದ್… ಸಮುದ್ರ… ದ…” ಮರಿತಾಯಿ ನಿಂತಳು. ಅಕ್ಷರಗಳು ಮಂಜಾದವು. ಕಣ್ಣಲ್ಲಿ ನೀರು ತುಂಬಿದೆಯೆಂದು ಅವಳಿಗೆ ಆಮೇಲೆ ಗೊತ್ತಾಯಿತು.

“ನಾಲ್ಕನೇ ಕ್ಲಾಸು! ಒಂದು ಸಾಲು ಓದೋಕೆ ಬರೋಲ್ಲ. ನೀನು ಪುಸ್ತಕ ಕೇಳೋಕೆ ಎದ್ದು ನಿಂತಿದ್ದೀಯಾ?”

ಕೂತುಬಿಡಬೇಕು ಅನಿಸಿತು. ಮಂಡಿ ಮಡಿಸಲೂ ಹೊರಟಳು. ಆದರೆ ಹಾಗೆ ಕೂತರೆ ಬೀರು ಮತ್ತೆ ಮುಚ್ಚುತ್ತದೆ.

“ಅದ್ಕೇ ಸಾ ಕೇಳ್ತಿರೋದು.”

“ಏನು?”

“ಮೂರ್ ವರ್ಸದಿಂದ ಅಣ್ಣದೀರ ಹಳೇ ಪುಸ್ತಕಾನೇ ಓದ್ತಿದ್ದೀವಿ ಸಾ. ಒಂದೇ ಕೋಣೇಲಿ ಕೂತು ಅವರು ಕೂಗಿದ್ದ ಕೇಳಿ ಕೇಳಿ ಎಲ್ಲಾ ಬಾಯ್ಗೆ ಬಂದೋಗದೆ. ಕಣ್ ಮುಚ್ಕೊಂಡ್ರೂ ಒಪ್ಪುಸ್ತೀವಿ. ಗೊತ್ತಿಲ್ದೇ ಇರೋ ಪುಸ್ತಕ ಇದ್ರೆ… ಆವಾಗ ಓದ್ಲೇಬೇಕಾಯ್ತದಲ್ಲ ಸಾ.”

“ತಪ್ಪು ನನ್ನದು ಸಾರ್” ಎಂದರು ಮಾದಯ್ಯ ಮೇಷ್ಟ್ರು. “ಕಳೆದುಹೋಗುತ್ತೆ ಅನ್ನೋ ಭಯದಲ್ಲಿ ಬೀಗ ಹಾಕಿಟ್ಟೆ. ಬಾಯಿಪಾಠ ಮಾಡಿಸಿದ್ದೂ ನಾನೇ.”

ಇನ್‌ಸ್ಪೆಕ್ಟರು ಮಕ್ಕಳ ಕಾಗದವನ್ನು ತೆಗೆದುಕೊಂಡು ಮತ್ತೊಮ್ಮೆ ಓದಿದರು. ಜೇಬಿನಿಂದ ಪೆನ್ನು ತೆಗೆದು, ಮನೆಗೆ ಒಯ್ಯುವ ಸಾಲನ್ನು ಹೊಡೆದುಹಾಕಿದರು.

“ಮನೆಗೆ ಈಗ ಬೇಡ. ಇಲ್ಲೇ ಕೂತು ಓದಲಿ. ಮೂರು ತಿಂಗಳು ಬಿಟ್ಟು ಬರ್ತೀನಿ. ನನಗೆ ಬೇಕಾದ ಪುಸ್ತಕ, ಬೇಕಾದ ಪುಟ ತೆಗೀತೀನಿ.”

ಆಮೇಲೆ ಸ್ಕೂಲಿನ ವಿಸಿಟ್ ಬುಕ್ಕಿನಲ್ಲಿ ಏನೋ ಬರೆದು, ಸೈಕಲ್ ಹತ್ತಿ ಹೋದರು. ಮೇಷ್ಟ್ರು ಅದನ್ನು ನಿಂತೇ ಓದಿದರು. ಓದಿ ಮುಚ್ಚಿದರು. ಅದರಲ್ಲಿ ಏನಿತ್ತೆಂದು ಮಕ್ಕಳಿಗೆ ಹೇಳಲಿಲ್ಲ. ಮರಿತಾಯಿಯನ್ನು ಬೈಯಲೂ ಇಲ್ಲ.

ಸಂಜೆ ಅವಳು ಅಂಕಮ್ಮನ ಮನೆಗೆ ಹೋಗಿ, ಮೈಸೂರಿನ ಮಳೆ ಸುಳ್ಳು ಎಂದು ಹೇಳಿದಳು. “ಎಂತಾ ಕಳ್ಳಿ ಕಣಮ್ಮಿ ನೀನು! ಎಲ್ಡ್ ದಿನ ನಿದ್ದೆ ಮಾಡಿಲ್ಲ ನಾನು” ಎಂದು ಅಂಕಮ್ಮ ಚೆನ್ನಾಗಿ ಬೈದಳು. ಮನೆಯಲ್ಲಿ ಅವ್ವ ಆ ಕಾಗದವನ್ನು ತೆಗೆದು ಅಟ್ಟದ ಮೇಲಿಟ್ಟಳು. ಅದೇ ಹೆಚ್ಚು ನೋಯಿಸಿತು.

ಶನಿವಾರ ಮಧ್ಯಾಹ್ನ ಗಂಟೆ ಹೊಡೆದ ಮೇಲೂ ಯಾರೂ ಎದ್ದು ಹೋಗಲಿಲ್ಲ. ಮೇಷ್ಟ್ರು ಜೇನುಹುಳುಗಳ ಬಗ್ಗೆ ಇದ್ದ ಪುಸ್ತಕವನ್ನು ತೆಗೆದರು.

“ಮೊದಲು ಯಾರು?”

“ನಾನ್ ಸಾ!” ಹೊನ್ನಯ್ಯ ಎದ್ದು, ಪುಸ್ತಕವನ್ನು ಎತ್ತರಕ್ಕೆ ಹಿಡಿದು, ಗಂಟಲು ಸರಿ ಮಾಡಿಕೊಂಡ.

“ಜೇನು… ಜೇನುಹು… ಹುಳುಗಳು ವೇ… ವೇಣ…”

ಅವನು ನಿಂತ. ಮತ್ತೆ ಮೊದಲಿನಿಂದ ಶುರು ಮಾಡಿದ. ಮತ್ತೆ ಅಲ್ಲೇ ನಿಂತ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಒನ್ನಯ್ಯಂಗೂ ಬರಾಕಿಲ್ಲ ಕಣ್ರೋ!”

ಹೊನ್ನಯ್ಯನ ಕಿವಿ ಕೆಂಪಾದವು. ಅವನ ಕುತ್ತಿಗೆಯ ನರ ಉಬ್ಬಿತು. ಅವನಿಗೆ ಈಗ ಏನಾಗುತ್ತಿದೆ ಎಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮರಿತಾಯಿಗೆ ಗೊತ್ತಿತ್ತು. ಅವಳಿಗೆ ನಗು ಬರಲಿಲ್ಲ.

ಅವಳು ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತಳು. ಪದವನ್ನು ನೋಡಿದಳು. ಮೊದಲು ಅವಳಿಗೂ ‘ವೇ’ ಎಂದೇ ಕಂಡಿತು. ಇನ್ನೊಂದು ಸಲ ನೋಡಿದಳು.

“ಅದು ವ ಅಲ್ಲ ಕಣ್ಲಾ” ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ. “ಪಕ್ಕದಲ್ಲಿ ಸುಳಿ ಅದೆ ನೋಡು. ಮ.”

“ಮೇ… ಮೇಣ. ಮೇಣದಿಂದ ಗೂಡು… ಕಟ್ಟುತ್ತವೆ.” ಹೊನ್ನಯ್ಯ ಉಸಿರು ಬಿಟ್ಟ. ಪುಸ್ತಕವನ್ನು ಸ್ವಲ್ಪ ಕೆಳಗಿಳಿಸಿ, ಅವಳಿಗೂ ಕಾಣುವ ಹಾಗೆ ಹಿಡಿದ.

ಒಂದು ಪುಟಕ್ಕೆ ತುಂಬಾ ಹೊತ್ತು ಹಿಡಿಯಿತು. ಹಿಂದಿನ ಸಾಲಿನವರು ನಗುವುದನ್ನು ಬಿಟ್ಟು, ಗೂಡು ಏನಾಯಿತೆಂದು ಕಾಯುತ್ತಿದ್ದರು. ಪುಟದ ಕೊನೆಗೆ ಬಂದಾಗ ಹೊನ್ನಯ್ಯ ಅವಳ ಮುಖ ನೋಡಿದ.

ಆಚೆ ಬದಿಯಲ್ಲಿ ಏನಿದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮರಿತಾಯಿ ಕಿವಿ ಮಡಿಯದ ಹಾಗೆ, ಮೆಲ್ಲಗೆ ಹಾಳೆ ತಿರುವಿದಳು.