ಹನ್ನೊಂದನೆಯ ಗೂಟ

2023ರ ಜುಲೈ 6, ಗುರುವಾರ, ಬೆಳಗಿನ 5 ಗಂಟೆ 40 ನಿಮಿಷ. ಕ್ರಾಂತಿ ಡೇರೆಯ ಬಾಯಿ ಸರಿಸಿ ಹೊರಗೆ ಬಂದಾಗ ಬೇವಿನ ಮರ ಇತ್ತು, ಮರದ ಬುಡದಲ್ಲಿ ನೀಲಿ ತಾಡಪತ್ರಿ ಇತ್ತು, ಗಾಡಿ ಇರಲಿಲ್ಲ.

ತಾಡಪತ್ರಿಯನ್ನು ಯಾರೋ ನಾಲ್ಕು ಮಡಿಕೆ ಮಾಡಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟು ಹೋಗಿದ್ದರು. ಕಳ್ಳನಿಗೆ ಇಷ್ಟು ಸಾವಧಾನ ಎಲ್ಲಿಂದ ಬರಬೇಕು?

ತುಂಗಭದ್ರೆಯ ಹಿನ್ನೀರು ಆ ಬೇಸಿಗೆ ತಂಬ್ರಹಳ್ಳಿಯ ದಂಡೆಯಿಂದ ಕಣ್ಣಿಗೆ ಕಾಣದಷ್ಟು ಹಿಂದೆ ಸರಿದಿತ್ತು. ದಂಡೆಯಿಂದ ಹಳೆಯ ಹೊಳೆಯ ಪಾತ್ರದವರೆಗೆ ನೇರವಾದ ಒಂದು ಗೆರೆ. ಆ ಗೆರೆಯ ಮೇಲೆ ಹನ್ನೊಂದು ಕಡೆ ಹೂಳಿನ ದಪ್ಪ ಅಳೆಯುವುದು ಕ್ರಾಂತಿಯ ಕೆಲಸ. ಹತ್ತು ಮುಗಿದಿದ್ದವು, ಅಳೆದ ಜಾಗದಲ್ಲೆಲ್ಲ ಬಿದಿರಿನ ಗೂಟ ನೆಟ್ಟು ಬಿಳಿ ಬಟ್ಟೆ ಕಟ್ಟಿದ್ದಳು. ಉಳಿದದ್ದು ಹನ್ನೊಂದನೆಯದು, ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನ ಆಚೆಗೆ, ಹೂಳು ಎಲ್ಲಕ್ಕಿಂತ ದಪ್ಪಗಿರುವ ಕಡೆ. ಅದೊಂದನ್ನು ಬಿಟ್ಟರೆ ಹತ್ತರ ಲೆಕ್ಕವೂ ಅರ್ಧ ಸುಳ್ಳು. ಮಲೆನಾಡಿನಲ್ಲಿ ಮಳೆ ಹಿಡಿದಾಗಿತ್ತು. ನೀರು ಇವತ್ತು ಬರಬಹುದು, ನಾಳೆ ಬರಬಹುದು. ಬಂದಮೇಲೆ ಆ ನೆಲ ಮತ್ತೆ ಎಂದು ಕಾಣುತ್ತದೋ ಹೇಳುವವರಿಲ್ಲ.

“ಲೇ ಸಂಜೀವ, ಏಳಲೇ! ಗಾಡಿ ಎಲ್ಲೈತಿ?”

ಸಂಜೀವ ಕಣ್ಣುಜ್ಜುತ್ತಾ ಬಂದ. ಇಬ್ಬರೂ ಕೊಟ್ಟೂರಿನ ಒಂದೇ ಓಣಿಯವರು. ನಾಲ್ಕು ದಪ್ಪ ಗಾಲಿಗಳ ಆ ಎಟಿವಿ ಅವನದು. ಹರಪನಹಳ್ಳಿ ಕಡೆಯ ಗುಡ್ಡಗಳ ಗಾಳಿಯಂತ್ರಗಳಿಗೆ ರಿಪೇರಿಯವರನ್ನೂ ಸಾಮಾನನ್ನೂ ಹೊತ್ತು ಹತ್ತಿಸುವುದೇ ಅವನ ಹೊಟ್ಟೆಪಾಡು. ಗಾಡಿಯ ಮೇಲೆ ಅವನಿಗೆ ತಾಯಿಗಣ್ಣು. ಮನೆಯಲ್ಲಿದ್ದರೆ ತಗಡಿನ ಶೆಡ್ಡಿನಲ್ಲಿ ಹಿಂದಿನ ಗಾಲಿಯೊಳಗಿಂದ ಸರಪಳಿ ಹಾಯಿಸಿ, ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಬಳೆಗೆ ಬೀಗ ಹಾಕುತ್ತಿದ್ದ. ಹೊರಗೆ ಹೋದರೆ ಮೈತುಂಬ ತಾಡಪತ್ರಿ, ಗಟ್ಟಿ ಮರಕ್ಕೆ ಸರಪಳಿ, ಚಾವಿ ಕೊರಳಿಗೆ. ಗಾಡಿ ಎಲ್ಲಿದೆಯೆಂದು ಫೋನಿಗೆ ತಿಳಿಸುವ ಟ್ರ್ಯಾಕರನ್ನೂ ಕೂರಿಸಿದ್ದ, ಆದರೆ ಕೆರೆಯಂಗಳದಂಥ ಈ ತಗ್ಗಿನಲ್ಲಿ ಅದಕ್ಕೆ ಸಿಗ್ನಲ್ಲೇ ಇರಲಿಲ್ಲ.

ಈಗ ಅವನ ಕೈ ತನ್ನ ಕೊರಳಿಗೆ ಹೋಯಿತು. ಚಾವಿ ಅಲ್ಲೇ ಇತ್ತು.

“ನೀ ಎಲ್ಲೂ ಒಯ್ದು ನಿಲ್ಸಿಲ್ಲಾ?” ಅಂದ.

“ನಾನ್ಯಾಕ ಒಯ್ಯಲಿ? ಹೇಳದಂಗ ಗಾಡಿ ಹೊಡಕೊಂಡು ಹೋಗಾವ ನೀನು. ಮೊನ್ನಿ ಬೆಳಿಗ್ಗೆ ಹತ್ತನೇ ಗೂಟದ ಆಚಿ ಗಾಲಿ ಗುರುತು ನೋಡೀನಿ. ಮೀಟರಿನ್ಯಾಗ ನಾಕು ಕಿಲೋಮೀಟರ್ ಜಾಸ್ತಿ ಆಗಿತ್ತು.”

“ನಾನಾ? ನಾನೂ ನೋಡ್ದೆ ಅದನ್ನ. ನಿನ್ನಿನೂ ನೋಡ್ದೆ. ನೀನ ಒಬ್ಬಾಕಿ ಹೋಗಿ ಬಂದಿ ಅನ್ಕೊಂಡು ಸುಮ್ನಿದ್ದೆ!”

ಎರಡು ಬೆಳಗು ಅವರು ತಮ್ಮದೇ ಗಾಡಿಯ ಗಾಲಿ ಗುರುತನ್ನು ತಾವು ಹೋಗದ ಜಾಗದಲ್ಲಿ ಕಂಡಿದ್ದರು. ಗುರುತು ಹತ್ತನೆಯ ಗೂಟ ದಾಟಿ, ಸ್ವಲ್ಪ ಮುಂದೆ ಹೋಗಿ, ಅರ್ಧಚಂದ್ರದಂತೆ ತಿರುಗಿ ವಾಪಸು ಬಂದಿತ್ತು. ಎರಡೂ ಬೆಳಗು ಸರಪಳಿ, ಬೀಗ, ತಾಡಪತ್ರಿ ಇದ್ದ ಹಾಗೇ ಇದ್ದವು. ಒಬ್ಬರ ಮೇಲೊಬ್ಬರು ಗುಮಾನಿ ಪಟ್ಟು, ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಬಾಯಿ ಮುಚ್ಚಿಕೊಂಡಿದ್ದರು.

ಮರದಾಚೆ ಹಲ್ಲುಜ್ಜುತ್ತಿದ್ದ ದೊಡ್ಡಬೀರಪ್ಪ ಬೇವಿನ ಕಡ್ಡಿ ಉಗುಳಿ ಬಂದ. ಹಿನ್ನೀರು ಇಳಿದಾಗಲೆಲ್ಲ ಈ ಬಯಲಿನಲ್ಲಿ ಕುರಿ ಮೇಯಿಸಿದವನು; ದಾರಿ ತೋರಿಸಲೆಂದು ಜೊತೆಗಿದ್ದ.

“ಅಣ್ಣಾ, ರಾತ್ರಿ ನಿಮ್ಮ ಕುರಿ ಗಂಟಿ ಕೇಳಿಸ್ತು ನನಗ. ಹಿಂಡಿನ ಹಿಂದ ಯಾರಾರ ಹೋಗಿದ್ದು ಕಂಡಿರೇನು?” ಕ್ರಾಂತಿ ಕೇಳಿದಳು.

“ನನ್ನ ಕುರಿ ಎಲ್ಲಿ ಅದಾವ ತಂಗಿ ಇಲ್ಲಿ? ತಮ್ಮ ಹೊಡಕೊಂಡು ಅರಸೀಕೆರಿ ಕಡಿ ಹೋಗಿ ವಾರಾತು.”

ನಿದ್ದೆಗಣ್ಣಿನಲ್ಲಿ ಕೇಳಿದ ಆ ಸದ್ದು ಅವಳ ಕಿವಿಯಲ್ಲಿ ಮತ್ತೆ ಎದ್ದಿತು: ಮೆತ್ತಗೆ, ನಿಂತು ನಿಂತು, ದೂರ ದೂರ ಹೋದದ್ದು.

ಬೀರಪ್ಪನ ಮುಖ ಇದ್ದಕ್ಕಿದ್ದಂತೆ ಬದಲಾಯಿತು. “ತಡೀರಿ. ಗಾಡಿ ಮುಂದಿನ ಸರಳಿಗೆ ನಾ ಒಂದು ಗಂಟಿ ಕಟ್ಟಿದ್ನಲ್ಲ, ನೀವು ನಕ್ರಿ ನೋಡ್ರಿ.”

ನಕ್ಕಿದ್ದು ನಿಜ. ಹಗಲಲ್ಲಿ ಇಂಜಿನ್ನಿನ ಅಬ್ಬರದಲ್ಲಿ ಅದರ ಸದ್ದು ಕೇಳುತ್ತಲೇ ಇರಲಿಲ್ಲ. ಇಂಜಿನ್ ಹಚ್ಚದೆ ತಳ್ಳಿಕೊಂಡು ಹೋದರೆ ಮಾತ್ರ ಕೇಳಬೇಕು.

ಸಂಜೀವ ದಂಡೆಯ ಏರಿ ಹತ್ತಿ, ಒಂದು ಕಡ್ಡಿ ಸಿಗ್ನಲ್ ಸಿಕ್ಕಲ್ಲಿ ನಿಂತು ತಾಯಿ ದುರುಗಮ್ಮನಿಗೆ ಸ್ಪೀಕರ್ ಹಾಕಿ ಫೋನು ಹಚ್ಚಿದ. ಕ್ರಾಂತಿಯೂ ಹಿಂದೆಯೇ ಹತ್ತಿದ್ದಳು.

“ಅವ್ವಾ, ಗಾಡಿದು ಎರಡನೇ ಚಾವಿ ಎಲ್ಲಿಟ್ಟಿ? ಬೀಗದ್ದೂ ಸೇರಿ.”

“ಗಾಡ್ಯಾಗ ಐತಲ್ಲೋ.”

“ಗಾಡ್ಯಾಗ ಅಂದ್ರ?”

“ಹ್ಯಾಂಡಲ್ಲಿಗೆ ದೃಷ್ಟಿಗಂತ ಕೆಂಪು ಗಂಟು ಕಟ್ಟಿಲ್ಲೇನು? ಇದ್ದಲಿ, ಕವಡಿ, ಚಾವಿ ಎಲ್ಲಾ ಅದರಾಗ ಹಾಕೀನಿ. ಕಬ್ಬಿಣ ಇರಬೇಕು ಗಂಟಿನ್ಯಾಗ. ಮತ್ತ ನೀ ಅಡವ್ಯಾಗ ಚಾವಿ ಕಳಕೊಂಡ್ರ ಕೈಗೆ ಸಿಗಬೇಕಲ್ಲ? ಯಾಕ, ಕಳದಿ?”

ಸಂಜೀವ ಹಣೆಗೆ ಕೈಹಚ್ಚಿಕೊಂಡು ಕುಂತುಬಿಟ್ಟ. “ಕಟ್ಟೋವಾಗ ಯಾರಿದ್ರು ಬೇ?”

“ಟೆಂಪೋದ ರಾಮಾಂಜಿನಿ. ಹ್ಯಾಂಡಲ್ ಅಲ್ಲಾಡದಂಗ ಹಿಡಕೊಂಡಿದ್ದ ಪಾಪ.”

ಕೊಟ್ಟೂರಿನಿಂದ ಗಾಡಿಯನ್ನು ಇಲ್ಲಿಗೆ ಹೇರಿಕೊಂಡು ಬಂದವನು ರಾಮಾಂಜಿನಿ. ಕ್ರಾಂತಿ ತಾಡಪತ್ರಿಯ ಕಡೆ ತಿರುಗಿ ನೋಡಿದಳು. ಅವತ್ತು ಗಾಡಿ ಇಳಿಸಿದ ಮೇಲೂ ಅವನು ಹೀಗೇ ನಾಲ್ಕು ಮಡಿಕೆ ಮಾಡಿ ಕಲ್ಲಿಟ್ಟಿದ್ದ. ಲೋಡಿನವರ ಕೈ; ಕದಿಯುವಾಗಲೂ ಅಭ್ಯಾಸ ಬಿಟ್ಟಿರಲಿಲ್ಲ.

“ದಂಡಿ ರಸ್ತಿಗುಂಟ ಮೀನುಗಾರರ ಗುಡಿಸಲು, ನಾಯಿ,” ಎಂದಳು ನಿಧಾನವಾಗಿ. “ಅದಕ್ಕ ಈ ಹೂಳಿನ ಅಂಗಳದಾಗ ಹಾದು ಆಚಿ ಹಡಗಲಿ ದಂಡಿಗೆ ಹೋಗಬೇಕು ಅಂತ ಎರಡು ರಾತ್ರಿ ಗಾಡಿ ಒಯ್ದು ದಾರಿ ಹುಡುಕಿ, ಬೆಳಗಾಗೂದ್ರಾಗ ತಂದಿಟ್ಟಾನ. ನಮ್ಮ ಗೂಟ ಗಟ್ಟಿ ನೆಲದ ಗುರುತು ಅಂತ ತಿಳದಾನ.”

“ಅಲ್ಲೇನು ಮತ್ತ?” ಸಂಜೀವ ಕೇಳಿದ.

“ಅಳದ ಜಾಗದ ಗುರುತು ಅಷ್ಟ. ಹತ್ತನೇದು ಅಳಿಯಾಕ ನಾವ ಹಲಗಿ ಹಾಕ್ಕೊಂಡು ಮಲಗಿದ್ವಿ. ಮರ್ತಿ?”

ಸಂಜೀವ ಎದ್ದ. ಬೀರಪ್ಪ ಹಗ್ಗ ಹೆಗಲಿಗೆ ಹಾಕಿದ. ಎರಡು ಹಲಗೆ ಹೊತ್ತು ಮೂವರೂ ಇಳಿದರು. ತಿರುಪಿ ಒಂದಕ್ಕೊಂದು ಕೂಡಿಸುವ ಅಳತೆಯ ಸಲಾಕೆಗಳು ಗಾಡಿಯ ಜೊತೆಗೇ ಹೋಗಿದ್ದವು.

ಬೂದುಬಣ್ಣದ ಮಬ್ಬು ನೆಲಕ್ಕೆ ಹೊಟ್ಟೆಹಚ್ಚಿ ಮಲಗಿತ್ತು. ದಂಡೆಯ ಹತ್ತಿರ ಹೂಳು ಒಣಗಿ, ಒಂದೊಂದು ಬಿರುಕಿನಲ್ಲೂ ಮೊಣಕಾಲವರೆಗೆ ಕಾಲಿಳಿಯುವಂತೆ ಸೀಳಿತ್ತು. ಎಲ್ಲೆಡೆ ಬಾಯಿ ಬಿಟ್ಟ ಕಪ್ಪೆಚಿಪ್ಪು, ಸುಣ್ಣದಂತೆ ಬೆಳ್ಳಗಾದ ಮೀನಿನ ಮುಳ್ಳು. ನಡುನಡುವೆ ನೀರೊಳಗೆ ಸತ್ತು ಕರ್ರಗಾದ ಜಾಲಿ ಮರಗಳ ಮೋಟು. ದೂರದಿಂದ ಕುಂತ ಮನುಷ್ಯರಂತೆ ಕಾಣುತ್ತಿದ್ದವು, ಹತ್ತಿರ ಹೋದರೂ ಪೂರ್ತಿ ಮರದಂತೆ ಕಾಣುತ್ತಿರಲಿಲ್ಲ. ಹಕ್ಕಿಯ ಸದ್ದಿಲ್ಲ. ಗೂಟಗಳ ಬಿಳಿ ಬಟ್ಟೆ ಒಂದಾದಮೇಲೊಂದು ಮಬ್ಬಿನಿಂದ ಹೊರಗೆ ಬಂದು, ಹಿಂದೆ ಸರಿದು, ಮಬ್ಬಿನಲ್ಲೇ ಕರಗುತ್ತಿದ್ದವು. ಗಾಲಿ ಗುರುತು ಮಾತ್ರ ಸೀದಾ ಹೋಗಿತ್ತು.

ಏಳನೆಯ ಗೂಟದ ಬಳಿ ಬೀರಪ್ಪ ನಿಂತ. “ಕಾಲಾಗ ನೋಡ್ರಿ.”

ನೆಲ ಚಲಿಸುತ್ತಿತ್ತು. ಜೇಡ, ಮಿಡತೆ, ಗೊದ್ದ, ಬಾಲ ಎತ್ತಿದ ಚೇಳು, ಸಾವಿರಗಟ್ಟಲೆ, ಒಂದನ್ನೊಂದು ಕಚ್ಚದೆ, ಇವರ ಕಾಲು ಬಳಸಿ ದಂಡೆಯ ಕಡೆ ಹರಿಯುತ್ತಿದ್ದವು. ಎದುರಿನಿಂದ ಬರುವ ಜಾತ್ರೆಯಲ್ಲಿ ತಾವು ಮೂವರೇ ತಪ್ಪು ದಿಕ್ಕಿಗೆ ಹೊರಟಂತಿತ್ತು.

“ಏನಣ್ಣಾ ಇದು?” ಸಂಜೀವನ ದನಿ ಸಣ್ಣಗಾಯಿತು.

“ಸೆಕಿಗೆ ಬಂದಾವ. ನೀರು ನಾಳಿಗೆ ಬರೋದು,” ಎಂದ ಬೀರಪ್ಪ.

ಕ್ರಾಂತಿ ಮಂಡಿಯೂರಿ ಬಿರುಕಿಗೆ ಕಿವಿ ಹಚ್ಚಿದಳು. ಆಳದಲ್ಲಿ ಯಾರೋ ಹಲ್ಲುಸಂದಿಯಿಂದ ಉಸಿರೆಳೆದಂತೆ ಸುರ್ ಎನ್ನುತ್ತಿತ್ತು. “ಇಲ್ಲಣ್ಣಾ. ಬಂದೈತಿ. ಬಿರುಕಿನ್ಯಾಗ ಹಾದು ಕೆಳಗಿಂದನ ಬರಾಕತ್ತೈತಿ.”

ಹಿಂದಿರುಗುವುದೇ ಜಾಣತನ. ಅವಳು ಸಂಜೀವನ ಮುಖ ನೋಡಿದಳು. ಅವನ ಕಣ್ಣು ಗಾಲಿ ಗುರುತಿನ ಮೇಲೇ ಇತ್ತು.

ಆಗ ಗಂಟೆ ಕೇಳಿಸಿತು.

ಟಣ್, ಟಣ್. ನಿಂತಿತು. ಮತ್ತೆ ಟಣ್, ಟಣ್.

“ಇಂಜಿನ್ ಸದ್ದಿಲ್ಲ,” ಎಂದ ಸಂಜೀವ. “ಗಾಡಿ ನಿಂತೈತಿ. ನಿಂತ ಗಾಡಿಗೆ ಗಂಟಿ ಯಾಕ ಬಾರಸ್ತೈತಿ?”

“ಮುಳುಗಿದೂರಿನ ಗುಡಿಯಾಗ ಪೂಜಿ ನಡದೈತೇನೋ ನೋಡು,” ಎಂದು ಬೀರಪ್ಪ ನಗಲು ಹೋದ.

“ಗಾಳಿಗೆ ಬಾರಿಸಿದ್ರ ಹಿಂಗ ಎರಡೆರಡು ಸಲ ಬಾರಸಂಗಿಲ್ಲ,” ಕ್ರಾಂತಿ ಎಂದಳು. “ಯಾರೋ ಕರಿಯಾಕತ್ತಾರ. ನಡೀರಿ.”

ಹತ್ತನೆಯ ಗೂಟದ ಆಚೆ ಊರು ಸಿಕ್ಕಿತು. ಗೋಡೆಗಳು ಮೊಣಕಾಲೆತ್ತರ ಉಳಿದಿದ್ದವು. ಬಾಗಿಲಿಲ್ಲದ ಹೊಸ್ತಿಲು, ಅದರ ಮುಂದೆ ಹೂಳು ತುಂಬಿದ ಒರಳು. ಎರಡು ಕಲ್ಲುಗಂಬ ನೆಟ್ಟಗೆ ನಿಂತಿದ್ದವು. ಕಂಬಗಳಾಚೆ, ಮಬ್ಬಿನಲ್ಲಿ, ಗಾಡಿ ಕಂಡಿತು. ಊರಿನ ಕಡೆಗೇ ಮುಖಮಾಡಿ, ಹಿಂಭಾಗ ಪೂರ್ತಿ ಹೂತು, ಮೂತಿ ಎತ್ತಿ ನಿಂತಿತ್ತು. ಸೀಟಿನ ಮೇಲೆ ಯಾರೂ ಇರಲಿಲ್ಲ.

ಟಣ್, ಟಣ್.

“ಕೆಳಗ!” ಸಂಜೀವ ಕೂಗಿದ.

ಗಾಡಿಗೂ ಕಂಬಕ್ಕೂ ನಡುವೆ ಒಂದು ತಲೆ, ಎರಡು ತೋಳು ಮಾತ್ರ ಇದ್ದವು. ರಾಮಾಂಜಿನಿ. ಗಾಡಿ ತಿರುಗಿಸುವಾಗ ಹೂತದ್ದಕ್ಕೆ, ಹೂತ ಗಾಡಿಯನ್ನು ಎಳೆಯಲೆಂದು ಮುಂದೆ ಕೂರಿಸಿದ್ದ ರಾಟೆಯ, ಅಂದರೆ ವಿಂಚಿನ, ತಂತಿ ಬಿಚ್ಚಿ, ಕೊಕ್ಕೆಯನ್ನು ಕಂಬಕ್ಕೆ ಸಿಕ್ಕಿಸಲು ನಡೆದು ಬಂದು, ಅರ್ಧ ದಾರಿಯಲ್ಲಿ ಎದೆಮಟ್ಟ ಇಳಿದಿದ್ದ. ಕೂಗಿ ಕೂಗಿ ದನಿ ಸತ್ತಿತ್ತು. ತಂತಿ ಜಗ್ಗಿದಾಗೆಲ್ಲ ಗಾಡಿಯ ಮೂತಿ ಅಲುಗಿ ಗಂಟೆ ಬಾರಿಸುತ್ತಿತ್ತು. ಅವನ ಬೆನ್ನ ಹಿಂದೆ ಹೂಳಿನ ಮೇಲೆ ನೀರಿನ ತೆಳು ಹಾಳೆ ಸದ್ದಿಲ್ಲದೆ ಹರಡಿಕೊಳ್ಳುತ್ತಾ ಬರುತ್ತಿತ್ತು.

“ಕಳ್ಳ ಸೂ…” ಎಂದು ಸಂಜೀವ ಹಲ್ಲು ಕಚ್ಚಿದ.

“ಬೈಗಳ ಆಮ್ಯಾಲ. ಹಲಗಿ!” ಕ್ರಾಂತಿ ಎಂದಳು.

ಹಲಗೆ ಬಿತ್ತು. ಸಂಜೀವ ಹೊಟ್ಟೆಯ ಮೇಲೆ ತೆವಳಿದ. ಎರಡನೆಯ ಹಲಗೆ ಮುಂದೆ ತಳ್ಳಿದ. ಗಾಡಿ ತಲುಪಿ ಸಲಾಕೆಗಳನ್ನೂ ಸರಪಳಿಯನ್ನೂ ಅವಳತ್ತ ಜಾರಿಸಿದ.

ಬೀರಪ್ಪ ಹಗ್ಗದ ಕುಣಿಕೆಯನ್ನು ರಾಮಾಂಜಿನಿಯ ಕಂಕುಳಿಗೆ ಹಾಕಿ ಜಗ್ಗಿದ. ಅವನು ನೋವಿಗೆ ನರಳಿದ. ಒಂದು ಬೆರಳಷ್ಟೂ ಮೇಲೇಳಲಿಲ್ಲ.

“ಜಗ್ಗಬ್ಯಾಡಣ್ಣಾ, ಸೊಂಟ ಮುರೀತೈತಿ!”

ಹೂಳು ಕಾಲು ಹಿಡಿಯುವುದೇಕೆಂದು ಕ್ರಾಂತಿಗೆ ಗೊತ್ತಿತ್ತು. ಕಾಲೆತ್ತಿದಾಗ ಕೆಳಗೆ ಖಾಲಿಯಾಗುವ ಜಾಗಕ್ಕೆ ಗಾಳಿಯೋ ನೀರೋ ನುಗ್ಗಲು ದಾರಿ ಬೇಕು. ಅವಳು ಸಲಾಕೆಯನ್ನು ಅವನ ತೊಡೆಗುಂಟ ಇಳಿಸಿ, ಅಲ್ಲಾಡಿಸಿ, ಎತ್ತಿ, ಮತ್ತೆ ಇಳಿಸಿದಳು. ತೂತಿನೊಳಗೆ ನೀರು ಗೊಳಕ್ಕೆಂದು ಇಳಿಯಿತು.

“ಅಕ್ಕಾರ,” ರಾಮಾಂಜಿನಿ ಪಿಸುಗುಟ್ಟಿದ, “ತಳ ಐತೇನ್ರಿ ಇದಕ್ಕ?”

ಕ್ರಾಂತಿ ಸಲಾಕೆಯನ್ನು ಅವನ ಇನ್ನೊಂದು ಕಾಲಿನ ಬದಿಗೆ ಇಳಿಸಿದಳು. “ಬಲಗಾಲು ಸೈಕಲ್ ತುಳದಂಗ ತುಳಿ. ನಿಧಾನ. ಈಗ ಎಡಗಾಲು.”

ನೀರು ಹಲಗೆ ಮುಟ್ಟಿತು.

“ಈಗ ಜಗ್ಗಣ್ಣಾ!”

ಹೂಳು ದೊಡ್ಡದೊಂದು ಬಾಯಿ ತೆರೆದಂತೆ ಸದ್ದು ಮಾಡಿ ಅವನನ್ನು ಬಿಟ್ಟಿತು. ಬೀರಪ್ಪ ಅವನನ್ನು ಕುರಿಮರಿಯಂತೆ ಎಳೆದು ಹೊಸ್ತಿಲ ಕಲ್ಲಿನ ಮೇಲೆ ಕೆಡವಿದ. “ಬಿದ್ದಿರು ಮಗನ, ಈ ಮನಿಗೆ ನೀನ ಅಳಿಯ.”

ಸರಪಳಿಯನ್ನು ಕಂಬಕ್ಕೆ ಸುತ್ತಿ ಕೊಕ್ಕೆ ಹಾಕಿದರು. ಸಂಜೀವ ಕೊರಳಿನ ಚಾವಿ ಹಾಕಿ ಇಂಜಿನ್ ಹಚ್ಚಿದ. ಕೆಮ್ಮಿತು, ಸತ್ತಿತು. ಮತ್ತೆ ಹಚ್ಚಿದ. ಹತ್ತಿತು. ವಿಂಚು ಕಿರುಗುಟ್ಟಿತು, ತಂತಿ ಬಿಗಿಯಾಯಿತು, ಕಂಬ ಸಣ್ಣಗೆ ವಾಲಿ ನಿಂತಿತು. ಗಾಡಿ ಗಂಟೆ ಬಾರಿಸುತ್ತಾ ಮೇಲೆ ಬಂತು.

“ಹತ್ತು ಬಾ ಕ್ರಾಂತಿ!”

ಕ್ರಾಂತಿ ಹತ್ತಲಿಲ್ಲ. ಸಲಾಕೆ ಅಲ್ಲೇ, ರಾಮಾಂಜಿನಿ ಹೂತಿದ್ದ ಜಾಗದ ಪಕ್ಕದಲ್ಲಿ ನಿಂತಿತ್ತು. ಮಬ್ಬು ಚೂರು ಸರಿದು ಹಿಂದಿನ ಗೂಟಗಳು ಕಂಡವು: ಹತ್ತನೆಯದರ ಹಿಂದೆ ಒಂಬತ್ತನೆಯದು, ಅದರ ಹಿಂದೆ ಎಂಟನೆಯದು, ಒಂದೇ ನೇರಕ್ಕೆ. ಅವನು ಹೂತಿದ್ದು ಅವಳ ಗೆರೆಯ ಮೇಲೇ.

“ಒಂದ ನಿಮಿಷ!”

“ನೀರು ನೋಡಲೇ ಹುಚ್ಚಿ!”

ಅವಳು ಹ್ಯಾಂಡಲ್ಲಿಗೆ ಸಡಿಲಾಗಿ ಜೋತಿದ್ದ ಕೆಂಪು ಗಂಟಿನ ಬಟ್ಟೆ ಕಿತ್ತುಕೊಂಡು ಹಲಗೆಯ ಮೇಲೆ ತೆವಳಿದಳು. ಸಲಾಕೆಗೆ ಎರಡನೆಯ ತುಂಡನ್ನು ತಿರುಪಿ ಕೂಡಿಸಿ ಮೈಭಾರ ಹಾಕಿ ಒತ್ತಿದಳು. ಸಲಾಕೆ ಬೆಣ್ಣೆಯಲ್ಲಿಳಿದಂತೆ ಇಳಿಯಿತು. ಇಳಿಯುತ್ತಲೇ ಹೋಯಿತು. ಕೈ ಮುಂಗೈವರೆಗೆ ನೀರಿನಲ್ಲಿ ಮುಳುಗಿದಾಗ, ಆಳದಲ್ಲಿ ಟಕ್ ಎಂದಿತು. ಯಾರದೋ ಹಳೆಯ ಹೊಲದ ಗಟ್ಟಿ ನೆಲ. ಹೂಳಿನ ಮಟ್ಟಕ್ಕೆ ಸರಿಯಾಗಿ ಕೆಂಪು ಬಟ್ಟೆ ಬಿಗಿದಳು. ಕಿತ್ತಳು. ಓಡಿದಳು.

ಒಂದು ಗಾಡಿ, ನಾಲ್ಕು ಜನ. ಗಾಲಿಗಳ ಹಿಂದೆ ಗೂಟಗಳು ಒಂದೊಂದಾಗಿ ನೀರಿನಲ್ಲಿ ಕಾಲಿಟ್ಟು ನಿಂತವು.

ದಂಡೆಯಲ್ಲಿ ಬೀರಪ್ಪ ಒಲೆ ಹಚ್ಚಿದ. ಸಂಜೀವ ಕೈ ಚಾಚಿದ. ರಾಮಾಂಜಿನಿ ಕಿಸೆಯಿಂದ ತೆಗೆದು ಗಾಡಿಯದು, ಬೀಗದ್ದು, ಎರಡೂ ಚಾವಿ ಇಟ್ಟ.

“ಚಾ ಕುಡದು ಸ್ಟೇಷನ್ನಿಗೆ ನಡಿ,” ಎಂದ ಸಂಜೀವ. ಆಮೇಲೆ ಕ್ರಾಂತಿಯ ಕಡೆ ನೋಡದೆ, “ಇನ್ಮ್ಯಾಲ ಏನರ ಅನುಮಾನ ಬಂದ್ರ ಬೈದು ಕೇಳು. ಸುಮ್ನಿರಬ್ಯಾಡ,” ಎಂದ.

“ನೀನೂ,” ಎಂದಳು ಅವಳು.

ಎದುರಿಗೆ ಮುಳುಗಿದ ಊರು ಮತ್ತೆ ಮುಳುಗಿತ್ತು. ಮಬ್ಬಿನಲ್ಲಿ ಕಂಬಗಳ ತುದಿಯೂ ಕಾಣುತ್ತಿರಲಿಲ್ಲ. ರಾಮಾಂಜಿನಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆಗೇ ನೋಡುತ್ತಿದ್ದ. ಮೈಮೇಲಿನ ಹೂಳು ಒಣಗಿ ಬಿರುಕು ಬಿಡತೊಡಗಿತ್ತು.

“ಅಕ್ಕಾರ… ತಳ ಸಿಕ್ತೇನ್ರಿ?”

ಕ್ರಾಂತಿ ಸಲಾಕೆಯ ತುದಿಯಿಂದ ಕೆಂಪು ಗಂಟಿನವರೆಗೆ ಟೇಪು ಹಿಡಿದಳು. ಇನ್ನೊಮ್ಮೆ ಹಿಡಿದು ನೋಡಿದಳು.

“ಸಿಕ್ತು. ಎರಡು ಮೀಟರ್ ಎಪ್ಪತ್ತಾರು ಸೆಂಟಿಮೀಟರ್.”