ಉಗುರಿನ ಗೂಡು

ಇದು ನಡೆದದ್ದು ಮಟಮಟ ಮಧ್ಯಾಹ್ನ, ಅಕ್ಕನ ಮನೆಯ ಹಿತ್ತಲಲ್ಲಿ. ಅಲ್ಲಿನ ಪುಟ್ಟ ಕೊಳದ ನೀರನ್ನು ಬಿಳಿ ತಟ್ಟೆಗೆ ಸುರಿದುಕೊಂಡು, ಅದರೊಳಗಿನ ಹುಳಗಳು ಯಾವ ಜಾತಿಯವೆಂದು ನೋಡುತ್ತಿದ್ದೆ. ಉರಿಬಿಸಿಲಲ್ಲೂ ತಟ್ಟೆ ಮಂಜಿನಂತೆ ಕೊರೆಯುತ್ತಿತ್ತು.

"ಅಷ್ಟೆಲ್ಲ ಓದಿ ಕೊನೆಗೆ ಹುಳ ಎಣಿಸ್ತಾ ಕೂತ್ಯಾ?" ಎಂದು ಭಾವ ನಗುತ್ತ ಪಕ್ಕದಲ್ಲಿ ಕುಳಿತರು.

"ನಿಮಗೆ ಅದೂ ಬರಲ್ವಲ್ಲ!" ಎಂದಳು ಅಕ್ಕ ಅಡುಗೆಮನೆಯಿಂದ. ಅವಳ ಬಾಯಿಯ ಮುಂದೆ ಭಾವ ಗೆದ್ದದ್ದೇ ಇಲ್ಲ.

ಕೆಲವು ಹುಳಗಳು ನೀರಲ್ಲಿ ಸಿಕ್ಕಿದ ಮರಳು, ಕಡ್ಡಿ ಅಂಟಿಸಿ ಮೈಸುತ್ತ ಗೂಡು ಕಟ್ಟಿಕೊಳ್ಳುತ್ತವೆ. ಇವು ಉಗುರಿನ ಚೂರುಗಳಿಂದ ಕಟ್ಟಿಕೊಂಡಿದ್ದವು. ಅಕ್ಕ ಉಗುರು ಕತ್ತರಿಸಿಕೊಳ್ಳುವುದು ಕೊಳದ ಕಟ್ಟೆಯ ಮೇಲೆ ಕೂತು. ಚೂರುಗಳ ಮೇಲೆ ಅವಳದೇ ಕೆಂಪು ಬಣ್ಣವಿತ್ತು.

"ಗೂಡಿಂದ ಹೊರಗೆ ತೆಗೆದ್ರೇನೇ ಜಾತಿ ಗೊತ್ತಾಗೋದು," ಎಂದೆ. ಭಾವ ನನ್ನ ಕೈಯಿಂದ ಚಿಮಟ ಕಿತ್ತುಕೊಂಡು ಒಂದು ಹುಳವನ್ನು ಗೂಡಿಂದ ಎಳೆದರು. ಅಡುಗೆಮನೆಯಲ್ಲಿ ಅಕ್ಕ ಕಿರುಚಿದಳು.

ಓಡಿಹೋದೆ. ಅವಳ ಕಿರುಬೆರಳಲ್ಲಿ ಉಗುರಿರಲಿಲ್ಲ. ರಕ್ತವೂ ಇಲ್ಲ, ಹುಟ್ಟಿನಿಂದಲೇ ಉಗುರಿಲ್ಲದ ಬೆರಳಿನ ಹಾಗೆ ನುಣುಪಾಗಿತ್ತು.

ಹಿಂದೆಯೇ ಬಂದ ಭಾವ ಆ ಬೆರಳನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ಮತ್ತೆ ಹಿತ್ತಲಿಗೆ ಹೋದರು. ಅಕ್ಕ ಇನ್ನೊಮ್ಮೆ ಕಿರುಚಿದಳು.

ಈಗ ಆ ತಟ್ಟೆ ಅವರ ಊಟದ ಮೇಜಿನ ಮೇಲಿದೆ. ಭಾವನೇ ದಿನಾ ನೀರು ಬದಲಿಸುತ್ತಾರೆ. "ಅದನ್ನ ನನಗೆ ಕೊಟ್ಬಿಡಿ ಭಾವ," ಎಂದು ನಿನ್ನೆ ಅಂಗಲಾಚಿದೆ.

"ಯಾಕಮ್ಮ? ಚೆನ್ನಾಗೇ ಸಾಕ್ತಿದ್ದೀನಲ್ಲ. ಬೇಕಾದ್ರೆ ನಿಮ್ಮಕ್ಕನ್ನ ಕೇಳು."

ಅಕ್ಕ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೇ, "ಹೌದು ಕಣೇ," ಎಂದಳು.